ಜಾಕ್ ಇರೋದು ಎತ್ತೋದಕ್ಕೆ

ಮಾವನಿಗೆ ಗ್ಯಾರೇಜಿನಲ್ಲಿದ್ದ ಅಡ್ಡಹೆಸರು ನಿಲ್ಲಪ್ಪ. ಮಲ್ಲಪ್ಪ, ಕಲ್ಲಪ್ಪರ ಸಾಲಿನಲ್ಲಿ ತಂದು ನಿಲ್ಲಿಸಿದರೆ ಯಾರೂ ಅನುಮಾನಪಡದಂಥ ಹೆಸರು. ಆದರೆ ಅದು ಹೆತ್ತವರು ಇಟ್ಟದ್ದಲ್ಲ, ಅಳಿಯ ಇಟ್ಟದ್ದು. ಲಾರಿಯ ಅಡಿಗೆ ಯಾರಾದರೂ ತಲೆ ತೂರಿಸಿದರೆ ಸಾಕು, ಮಾವ ಯಾವ ಮೂಲೆಯಲ್ಲಿದ್ದರೂ ಅವರ ದನಿ ಬಂದು ಮುಟ್ಟುತ್ತಿತ್ತು. ಮೊದಲು ಎರಡು ಕೆಮ್ಮು. ಆಮೇಲೆ ಮೂಗಿನಿಂದ ಹೊರಟ ರಾಗ.

"ನಿಲ್ಲಪ್ಪಾ... ಜಾಕ್ ಇರೋದು ಎತ್ತೋದಕ್ಕೆ, ಹೊರೋದಕ್ಕಲ್ಲ. ಸ್ಟ್ಯಾಂಡ್ ಕೊಟ್ಟು ಒಳಗೆ ಹೋಗು."

ಮಾವ ಹೇಳುತ್ತಿದ್ದುದು ಇಷ್ಟೇ ಆಗಿದ್ದರೆ ಅಡ್ಡಹೆಸರು ಅಂಟುತ್ತಿರಲಿಲ್ಲವೇನೋ. ಅವರ ಪಾಠಕ್ಕೆ ಕೊನೆಮೊದಲಿರಲಿಲ್ಲ. ಗಾಲಿಗೆ ಮರದ ತುಂಡು ಕೊಟ್ಟೆಯಾ? ಜಾಕಿನ ಅಡಿಯ ನೆಲ ಗಟ್ಟಿಯಿದೆಯಾ, ಸಮವಿದೆಯಾ? ಕೆಲಸ ಮುಗಿದ ಮೇಲೆ ರಾಡ್ ಪೂರ್ತಿ ಇಳಿಸಿ, ನೆಟ್ಟಗೆ ನಿಲ್ಲಿಸಿ ಇಟ್ಟೆಯಾ? ಜಾಕಿಗೆ ಜಾಕಿನ ಎಣ್ಣೆಯನ್ನೇ ಹಾಕು, ಬ್ರೇಕ್ ಎಣ್ಣೆ ಸುರಿದರೆ ಒಳಗಿನ ರಬ್ಬರ್ ಸೀಲುಗಳು ಊದಿಕೊಂಡು ಸಾಯುತ್ತವೆ. ಮೂವತ್ತೈದು ವರ್ಷಗಳಿಂದ ಇದೇ ಪಾರಾಯಣ. ಈ ಮೂವತ್ತೈದು ವರ್ಷಗಳಲ್ಲಿ ಆ ಗ್ಯಾರೇಜಿನಲ್ಲಿ ಒಬ್ಬನ ಉಗುರೂ ಹೋಗಿರಲಿಲ್ಲ. ಹೋಗದೇ ಇದ್ದ ಉಗುರನ್ನು ಎಣಿಸುವವರು ಯಾರು?

ಅಳಿಯ ಬಿ.ಎ. ಮುಗಿಸಿದವನು. "ಬಿ.ಎ. ಅಂದ್ರೆ ಬಾಯಿಗೆ ಅಂಕೆಯಿಲ್ಲ ಅಂತ" ಎಂದು ತನ್ನ ಪದವಿಗೆ ತಾನೇ ಅರ್ಥ ಹೇಳಿಕೊಳ್ಳುತ್ತಿದ್ದ. ಬಿಡಿಭಾಗ ತರುವುದು, ಬಿಲ್ಲು ಬರೆಯುವುದು, ಗಿರಾಕಿಗಳಿಗೆ ಸಮಾಧಾನ ಹೇಳುವುದು, ಹೀಗೆ ಕೈಗೆ ಗ್ರೀಸ್ ಅಂಟದ ಕೆಲಸಗಳೆಲ್ಲ ಅವನವು. ಮಾವನಿಗೆ ಅವನು ಅಳಿಯ, ಹಾಗಾಗಿ ಇಡೀ ಗ್ಯಾರೇಜಿಗೇ ಅಳಿಯ. ವೆಲ್ಡರ್ ಕೂಡ "ಅಳಿಯಂದ್ರೇ" ಎಂದೇ ಕರೆಯುತ್ತಿದ್ದ. ಕಾಲೆಳೆಯುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ, ದನಿ ಕದಿಯುವುದರಲ್ಲಂತೂ ಕಳ್ಳರಿಗೇ ಗುರು. ಪಕ್ಕದ ಟಯರ್ ಅಂಗಡಿಯವನ ತೊದಲು, ವೆಲ್ಡರ್ ಮಾತಿಗೊಮ್ಮೆ ಮೂಗು ಏರಿಸುವುದು, ಲಾರಿ ಮಾಲೀಕನ ಗಂಟಲು ಕೆರೆತ ಎಲ್ಲವೂ ಅವನ ನಾಲಿಗೆಯ ತುದಿಯಲ್ಲಿದ್ದವು. ಆದರೆ ಜನ ಬೇಡಿ ಬೇಡಿ ಮಾಡಿಸುತ್ತಿದ್ದುದು ಮಾವನ ಪಾತ್ರವನ್ನೇ. ಹೆಗಲ ಮೇಲೊಂದು ಬಟ್ಟೆ ಎಸೆದುಕೊಂಡು, ಸೊಂಟ ಒಂದಿಷ್ಟು ಬಾಗಿಸಿ, ಎರಡು ಸಲ ಕೆಮ್ಮಿದನೆಂದರೆ ಅಲ್ಲಿಗೆ ಮಾವ ಹಾಜರು.

"ನಿಲ್ಲಪ್ಪಾ... ಟೀ ಲೋಟ ಇರೋದು ಎತ್ತೋದಕ್ಕೆ, ಹೊರೋದಕ್ಕಲ್ಲ. ಬಿಸ್ಕತ್ತು ಆಸರೆ ಕೊಟ್ಟು ಒಳಗೆ ಬಿಡು."

"ನಿಲ್ಲಪ್ಪಾ... ಜಾಕಿಗೆ ಅದರದ್ದೇ ಎಣ್ಣೆ ಆಗ್ಬೇಕು. ಈ ವೆಲ್ಡರಿಗೆ ಯಾವ ಎಣ್ಣೆ ಸುರಿದ್ರೂ ನಡೆಯುತ್ತೆ, ಬೆಳಗ್ಗೆ ಮುಖ ಮಾತ್ರ ಊದಿಕೊಂಡಿರುತ್ತೆ."

ವೆಲ್ಡರ್ ತನ್ನ ಊದಿದ ಮುಖವನ್ನು ಹಿಡಿದುಕೊಂಡೇ ನಗುತ್ತಿದ್ದ. ಒಮ್ಮೆ ಮಾವನೇ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿಬಿಟ್ಟರು. ಎಲ್ಲರೂ ತಲೆ ತಗ್ಗಿಸಿದರು. ಅವರು ಮಾತ್ರ, "ನಕ್ಕೊಳ್ಳಿ, ನಕ್ಕೊಳ್ಳಿ. ಹೇಗೋ ಮಾತು ತಲೇಲಿ ಉಳಿದ್ರೆ ಸಾಕು" ಎಂದು ಹೊರಟುಹೋದರು. ಅಂದಿನಿಂದ ಅಳಿಯನ ಆಟಕ್ಕೆ ಪರವಾನಗಿ ಸಿಕ್ಕಂತಾಯಿತು. ಮಾವನದು ಜಾಕು, ಅಳಿಯನದು ಜೋಕು, ಒಟ್ಟಿನಲ್ಲಿ ಗ್ಯಾರೇಜು ಚೆನ್ನಾಗಿ ನಡೆಯುತ್ತಿತ್ತು.

ಮಾವನಿಗೆ ಭಯವಿದ್ದುದು ಒಂದೇ ಮಾತಿಗೆ: ಮರೆವು. ಕನ್ನಡಕವನ್ನು ಹಣೆಗೇರಿಸಿಕೊಂಡು ಊರೆಲ್ಲ ಹುಡುಕುವುದು, ಗಿರಾಕಿಗೆ ಎರಡು ಸಲ ಫೋನ್ ಮಾಡುವುದು ಶುರುವಾಗಿ ವರ್ಷವಾಗಿತ್ತು. ಅವರ ಮಗ, ಅಂದರೆ ಅಳಿಯನ ಭಾಮೈದ, ಅದನ್ನೆಲ್ಲ ಗಮನಿಸುತ್ತಿದ್ದ. ಕೆಲಸದಲ್ಲಿ ಗಟ್ಟಿಗ, ತಾಳ್ಮೆಯಲ್ಲಿ ಬಡವ. "ಅಪ್ಪ ಇನ್ನು ಮನೇಲಿರಲಿ ಭಾವ. ಮರೆವಿನವರ ಕೈಲಿ ಗ್ಯಾರೇಜ್ ಇದ್ರೆ ಒಂದಲ್ಲ ಒಂದು ದಿನ ಯಾರಿಗಾದ್ರೂ ಆಪತ್ತು" ಎನ್ನುತ್ತಿದ್ದ. ಮಾತು ಕಿವಿಗೆ ಬಿದ್ದಾಗಲೆಲ್ಲ ಮಾವ ಸೊಂಟದಲ್ಲಿ ಸಿಕ್ಕಿಸಿಕೊಂಡ ಬೀಗದ ಕೈಗೊಂಚಲನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಮರೆವನ್ನು ಸೋಲಿಸಲೆಂದೇ ಅವರು ಒಂದು ರೂಢಿ ಇಟ್ಟುಕೊಂಡಿದ್ದರು. ಯಾವುದಾದರೂ ಜಾಕಿನ ಮೇಲೆ ಅನುಮಾನ ಬಂದರೆ ಕೂಡಲೇ ಅದರ ಕುತ್ತಿಗೆಗೆ ಕೆಂಪು ಬಟ್ಟೆ ಕಟ್ಟಿಬಿಡುವುದು. ಬಟ್ಟೆ ಕಟ್ಟಿದ ಜಾಕಿಗೆ ಜ್ವರ ಬಂದಿದೆ ಎಂದು ಅರ್ಥ, ಯಾರೂ ಮುಟ್ಟುವಂತಿಲ್ಲ. ಹೀಗೆ ಕಣ್ಣಿಗೊಂದು ಕಾವಲು, ಕಿವಿಗೊಂದು ಕಾವಲು.

ಆ ದಿನ ಬೆಳಗ್ಗೆ ಜ್ವರ ಬಂದದ್ದು ಇಪ್ಪತ್ತು ಟನ್ನಿನ ಹಸಿರು ಜಾಕಿಗೆ. ಖಾಲಿ ಲಾರಿಯ ಅಚ್ಚಿನಡಿ ಅದನ್ನು ಕೊಟ್ಟು, ರಾಡಿನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಮಾವ ಒಂದು ಗಂಟೆ ಕಾದರು. ಗೆರೆ ಒಂದು ಬೆರಳಿನಷ್ಟು ಕೆಳಗಿಳಿದಿತ್ತು, ಸುತ್ತ ಎಣ್ಣೆಯ ತೆಳು ಉಂಗುರ. ಜಾಕನ್ನು ಈಚೆ ತೆಗೆದು ಕೆಂಪು ಬಟ್ಟೆ ಕಟ್ಟಿದರು. "ಅಳಿಯಂದಿರೇ, ಇದಕ್ಕೆ ಹೊಸ ಸೀಲ್ ಸೆಟ್ ಬೇಕು. ಇವತ್ತೇ ತಂದುಬಿಡಿ" ಎಂದರು.

ಟೀ ಹೊತ್ತು. ವೆಲ್ಡರ್ ಎಂದಿನಂತೆ, "ಅಳಿಯಂದ್ರೇ, ಒಂದ್ಸಲ ನಿಲ್ಲಪ್ಪನ್ನ ಕರೀರಿ" ಎಂದ. ಅಳಿಯ ಹೆಗಲ ಮೇಲೆ ಹಾಕಿಕೊಳ್ಳಲು ಬಟ್ಟೆ ಹುಡುಕಿದ. ಕೈಗೆ ಹತ್ತಿರವಿದ್ದುದು ಹಸಿರು ಜಾಕಿನ ಕುತ್ತಿಗೆಯ ಕೆಂಪು ಬಟ್ಟೆ. ಬಿಚ್ಚಿದ, ಹೆಗಲಿಗೆ ಎಸೆದುಕೊಂಡ, ಕೆಮ್ಮಿದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಚ್ಚಲಲ್ಲಿ ಕೈ ತೊಳೆಯುತ್ತಿದ್ದ ಭಾಮೈದನೂ ಅಲ್ಲಿಂದಲೇ ನಕ್ಕ. ಅಷ್ಟರಲ್ಲಿ ಆಫೀಸಿನೊಳಗಿಂದ ನಿಜವಾದ ದನಿ ಬಂತು: "ಸೀಲ್ ಸೆಟ್ ತಂದ್ರಾ?"

"ಹೊರಟೆ ಮಾವ, ಹೊರಟೇಬಿಟ್ಟೆ!" ಬಟ್ಟೆಯನ್ನು ಮುದುರಿ ಪ್ಯಾಂಟಿನ ಜೇಬಿಗೆ ತುರುಕಿಕೊಂಡು ಬೀದಿ ತುದಿಯ ಬಿಡಿಭಾಗದ ಅಂಗಡಿಗೆ ಓಡಿದ. ಕಟ್ಟಿದ್ದನ್ನು ಬಿಚ್ಚುವಾಗ ಇದ್ದ ಗಮನ ಮತ್ತೆ ಕಟ್ಟುವಾಗ ಇರಲಿಲ್ಲ. ಮರೆತದ್ದು ಅವನು. ಮರೆವಿನ ಹೆಸರು ಮಾತ್ರ ಆಗಲೇ ಇನ್ನೊಬ್ಬರ ಪಾಲಿಗೆ ಬರೆದಾಗಿತ್ತು.

ಕಾಗದದ ಪೊಟ್ಟಣದಲ್ಲಿ ಹೊಸ ಸೀಲುಗಳನ್ನು ಹಿಡಿದು ವಾಪಸು ಬರುವಾಗ, ಗೇಟಿಗೆ ಇನ್ನೂ ಹತ್ತು ಹೆಜ್ಜೆ ಇರುವಾಗ, ಅವನಿಗೊಂದು ಸದ್ದು ಕೇಳಿಸಿತು. ಸಿಡಿದ ಸದ್ದಲ್ಲ, ಬಿದ್ದ ಸದ್ದೂ ಅಲ್ಲ. ಭಾರವಾದ ಯಾವುದೋ ಒಂದು ನಿಟ್ಟುಸಿರು ಬಿಟ್ಟು ಕುಳಿತುಕೊಂಡ ಸದ್ದು. ಅದರ ಹಿಂದೆಯೇ ಭಾಮೈದನ ಚೀರಾಟ.

ಲಾರಿಯ ಹಿಂದಿನ ಎಡಗಾಲಿ ಬಿಚ್ಚಿತ್ತು. ಬ್ರೇಕ್ ಡ್ರಮ್ಮಿನ ಅಡಿ ಭಾಮೈದನ ಪಾದ. ಪಕ್ಕದಲ್ಲಿ ಹಸಿರು ಜಾಕು, ರಾಡು ಪೂರ್ತಿ ಒಳಗೆ ಹೋಗಿ, ಏನೂ ಗೊತ್ತಿಲ್ಲದ ಮಗುವಿನಂತೆ ನಿಂತಿತ್ತು. ಸ್ಟ್ಯಾಂಡುಗಳು ಗೋಡೆಯ ಬಳಿ ಸಾಲಾಗಿ ಇದ್ದಲ್ಲೇ ಇದ್ದವು. ಮಾವ ಆಗಲೇ ಇನ್ನೊಂದು ಜಾಕು ಕೊಟ್ಟು ಎತ್ತುತ್ತಿದ್ದರು. ಮಗ ಚೀರುತ್ತಿದ್ದರೂ ಅವರು ನೆಲ ನೋಡಿದರು, ಮುಂದಿನ ಗಾಲಿಗೆ ಮರದ ತುಂಡು ಕೊಡಿಸಿದರು, ಎತ್ತಿದ ಮೇಲೆ ಸ್ಟ್ಯಾಂಡ್ ತೂರಿಸಿದರು. ಆಮೇಲಷ್ಟೇ "ಎಳೀರಿ" ಎಂದರು. ಎಲ್ಲ ಮುಗಿದ ಮೇಲೆ ನೆಲದ ಮೇಲೆ ಕುಕ್ಕರಿಸಿ, ಅಳಿಯನ ಕಡೆ ನೋಡಿ, "ಕೂಗಿದೆ... ಆಚೆ ನಿಲ್ಲಿಸಿದ್ದ ಬಸ್ಸಿನ ಹಿಂದಿನಿಂದ ಕೂಗಿಕೊಂಡೇ ಬಂದೆ. ನಕ್ಕುಬಿಟ್ಟ ಕಣ್ರೀ" ಎಂದರು.

ಆಸ್ಪತ್ರೆಯಲ್ಲಿ ಮೂರು ಬೆರಳು ತೆಗೆದರು. ಪಾದ ಉಳಿಯಿತು. ಮೂರನೆಯ ದಿನ ಭಾಮೈದನಿಗೆ ಚೆನ್ನಾಗಿ ಮಾತಾಡುವಷ್ಟು ಚೇತರಿಕೆ ಬಂತು. ಮಂಚದ ಒಂದು ಬದಿಗೆ ಮಾವ, ಇನ್ನೊಂದು ಬದಿಗೆ ಅಳಿಯ, ಕಾಲ ಬಳಿ ಅಳಿಯನ ಹೆಂಡತಿ.

"ಜಾಕಿಗೆ ಬಟ್ಟೆ ಕಟ್ಟೋದು ಮರೆತೆಯಲ್ಲಪ್ಪಾ" ಎಂದ ಮಗ. ಬೈಗುಳವಿರಲಿಲ್ಲ ಅದರಲ್ಲಿ. ಇದ್ದಿದ್ದರೆ ಒಳ್ಳೆಯದಿತ್ತು.

"ಕಟ್ಟಿದ್ದೆ."

"ಕಟ್ಟಿದ್ರೆ ನಾನು ಮುಟ್ತಿದ್ನಾ? ಎಲ್ಲಿ ಹೋಯ್ತು ಅದು, ರೆಕ್ಕೆ ಬಂತಾ?"

"ಕಟ್ಟಿದ್ದೆ ಕಣೋ. ಆಮೇಲೆ ಕೂಗಿದೆ ಕೂಡ."

"ಕೂಗಿದ್ದು ಭಾವ. ನನಗೆ ಚೆನ್ನಾಗಿ ನೆನಪಿದೆ. ಅದೇ ಕೆಮ್ಮು, ಅದೇ ನಿಲ್ಲಪ್ಪಾ. ನಾನು ಲಾರಿ ಅಡಿಯಿಂದಲೇ 'ಸೂಪರ್ ಭಾವ' ಅಂತ ಕೂಗಿದೆ. ವೆಲ್ಡರನ್ನೂ ಕೇಳು, ಅವನೂ ನಕ್ಕ."

ಮಾವ ಅಳಿಯನ ಮುಖ ನೋಡಿದರು. ಆ ನೋಟದಲ್ಲಿ ಆರೋಪವಿರಲಿಲ್ಲ, ಬೇಡಿಕೆಯಿತ್ತು. 'ನಾನಲ್ಲ, ನಾನು ಅಂಗಡಿಯಲ್ಲಿದ್ದೆ' ಎಂದು ಅಳಿಯ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಆ ಮಾತು ಒಂಟಿಯಾಗಿ ಬರುವುದಲ್ಲ. ಅದರ ಬಾಲ ಹಿಡಿದು ಕೆಂಪು ಬಟ್ಟೆಯೂ ಬರುತ್ತದೆ. ಹೆಂಡತಿ ತಮ್ಮನ ಪಾದದ ಬ್ಯಾಂಡೇಜನ್ನೇ ನೋಡುತ್ತ ನಿಂತಿದ್ದಳು. ಬಾಯಿಗೆ ಅಂಕೆಯಿಲ್ಲದವನ ಬಾಯಿಗೆ ಅಂದು ಬೀಗ ಬಿತ್ತು. "ಈಗ ಅದೆಲ್ಲ ಯಾಕೆ, ಮೊದಲು ಹುಷಾರಾಗು" ಎಂದುಬಿಟ್ಟ. ಕೇಳಿದವರಿಗೆ ಅದು ದೊಡ್ಡ ಮನಸ್ಸಿನ ಮಾತಿನಂತೆ ಕೇಳಿಸಿತು.

ನಾಲ್ಕು ದಿನ ಹೀಗೇ ಕಳೆದವು. ಮಾವ ಗ್ಯಾರೇಜಿಗೆ ಬರುತ್ತಿದ್ದರು, ಕುರ್ಚಿಯಲ್ಲಿ ಕೂರುತ್ತಿದ್ದರು, ಹೋಗುತ್ತಿದ್ದರು. ಐದನೆಯ ದಿನ ಬೆಳಗ್ಗೆ ಅಳಿಯನನ್ನು ಪಕ್ಕಕ್ಕೆ ಕರೆದು, ಯಾರಿಗೂ ಕೇಳಿಸದಂತೆ, "ಅಳಿಯಂದಿರೇ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆವತ್ತು ಕೂಗಿದ್ದು ನಾನೋ ನೀವೋ?" ಎಂದರು.

"ನೀವೇ ಮಾವ."

"ನನಗೂ ಹಾಗೇ ಅನ್ಸುತ್ತೆ. ಆದ್ರೆ ನೀವು ಕೂಗಿದ್ದು ನನ್ನ ಕಿವಿಗೆ ಬಿದ್ದು, ಅದನ್ನೇ ನಾನು ಕೂಗಿದ್ದು ಅಂದ್ಕೊಂಡ್ನೋ ಏನೋ. ಬಟ್ಟೆ ಕಟ್ಟಿದ್ದು ಕೂಡ ಅದರ ಹಿಂದಿನ ಸಲದ್ದಾ ಅಂತ ಅನುಮಾನ ಬರ್ತಿದೆ."

ಆಡಬಾರದ ಕಡೆ ಆಡಿದ್ದಾಯಿತು, ಆಡಬೇಕಾದ ಕಡೆ ನುಂಗಿದ್ದಾಯಿತು. ಇನ್ನು ತಡಮಾಡಬಾರದೆಂದು ಅಳಿಯ ನೇರ ಮನೆಗೆ ಓಡಿದ. ಮೊಳೆಗೆ ತಗಲಿಹಾಕಿದ್ದ ಆ ದಿನದ ಪ್ಯಾಂಟು ಅಲ್ಲಿರಲಿಲ್ಲ.

"ಒಗೆದು ಮಡಚಿಟ್ಟಿದ್ದೀನಿ ರೀ" ಎಂದಳು ಹೆಂಡತಿ. "ಜೇಬಲ್ಲೊಂದು ಕೊಳಕು ಬಟ್ಟೆ ಇತ್ತು. ಎಷ್ಟು ಎಣ್ಣೆ! ಬಿಸಿನೀರಲ್ಲಿ ಸೋಡಾ ಹಾಕಿ ಎರಡು ಸಲ ಕುದಿಸಿದೆ. ನೋಡಿ, ಕರ್ಚೀಫ್ ಥರ ಆಗಿದೆ."

ಗಂಧದ ಸೋಪಿನ ವಾಸನೆಯ, ತೆಳು ಗುಲಾಬಿ ಬಣ್ಣದ ಬಟ್ಟೆ. ಅದನ್ನೇ ಕೈಯಲ್ಲಿ ಹಿಡಿದು ಅವನು ಹೆಂಡತಿಗೆ ಮೊದಲು ಹೇಳಿದ. ಪೂರ್ತಿ ಹೇಳಿದ. ಕೊನೆಗೆ, "ಇವತ್ತು ಸಂಜೆ ತಮ್ಮ ಮನೆಗೆ ಬರ್ತಾನೆ. ಅಪ್ಪನ ಎದುರಿಗೇ ಹೇಳಿ" ಎಂದಳು. ಅವಳು ನಂಬಿದಳು. ಅಂದಿನಿಂದ ಅವನಿಗೆ ಊಟ ಬಡಿಸುತ್ತಾಳೆ, ಇನ್ನೊಂದಿಷ್ಟು ಬೇಕಾ ಎಂದು ಕೇಳುವುದಿಲ್ಲ.

ಸಂಜೆ ಮಾವನ ಮನೆಯ ನಡುಮನೆ. ಭಾಮೈದ ದಿಂಬಿನ ಮೇಲೆ ಕಾಲು ಚಾಚಿ ಕುಳಿತಿದ್ದ. ನೋಡಿಕೊಂಡು ಹೋಗಲು ಬಂದ ವೆಲ್ಡರ್ ಸ್ಟೂಲಿನ ಮೇಲೆ. ಮಾವ ಒಳಕೋಣೆಯಲ್ಲಿ ಮಲಗಿದ್ದರು, ಬಾಗಿಲು ಅರ್ಧ ತೆರೆದಿತ್ತು. ಅವರೂ ಕೇಳಿಸಿಕೊಳ್ಳಲಿ ಎಂದು ಅಳಿಯ ಗಟ್ಟಿಯಾಗಿಯೇ ಶುರುಮಾಡಿದ.

"ಮಾವ ಬಟ್ಟೆ ಕಟ್ಟಿದ್ರು. ಬಿಚ್ಚಿದ್ದು ನಾನು, ಟೀ ಹೊತ್ತಲ್ಲಿ, ಆ ದರಿದ್ರ ಆಟಕ್ಕೆ. ಇದೇ ಬಟ್ಟೆ."

ಭಾಮೈದ ಗುಲಾಬಿ ಬಟ್ಟೆಯನ್ನು ತೆಗೆದುಕೊಂಡು, ಮೂಸಿ, ವೆಲ್ಡರಿಗೆ ಕೊಟ್ಟ. ವೆಲ್ಡರ್ ಮೂಗು ಏರಿಸಿದ. "ನಮ್ಮ ಗ್ಯಾರೇಜಿನ ಬಟ್ಟೆಯಾ ಇದು? ಇದ್ರಲ್ಲಿ ಮುಖ ಒರೆಸ್ಕೋಬಹುದು ಅಳಿಯಂದ್ರೇ."

"ಆವತ್ತು ನನ್ನ ಹೆಗಲ ಮೇಲಿದ್ದ ಬಟ್ಟೆ ಯಾವುದು, ನೀನೇ ಹೇಳು ಮತ್ತೆ!"

"ನಿಮ್ಮ ಹೆಗಲ ಮೇಲೆ ದಿನಾ ಒಂದು ಬಟ್ಟೆ ಇರುತ್ತೆ. ನಾನು ಬಣ್ಣ ನೋಡ್ತೀನಾ, ಬಾಯಿ ನೋಡ್ತೀನಾ?"

"ಇರಲಿ. ಕೂಗಿದ್ದೂ ಮಾವನೇ. ನಾನು ಗೇಟಿನ ಆಚೆ ಇದ್ದೆ. ಕೈಯಲ್ಲಿ ಸೀಲ್ ಸೆಟ್ ಇತ್ತು."

ಭಾಮೈದ ಅವನ ಕೈ ಹಿಡಿದುಕೊಂಡ. ಕಣ್ಣಲ್ಲಿ ನೀರು. "ಭಾವ, ನಿಮ್ಮದು ದೊಡ್ಡ ಮನಸ್ಸು. ಅಪ್ಪನ ಮರ್ಯಾದೆ ಉಳಿಸೋಕೆ ಎಲ್ಲಾನೂ ತಲೆ ಮೇಲೆ ಹಾಕ್ಕೊಳ್ತಿದ್ದೀರಿ. ನಾನು ಚೀರಿದ ಅರೆಗಳಿಗೆಯಲ್ಲಿ ನೀವು ಪಕ್ಕದಲ್ಲಿದ್ರಿ, ಗೇಟಿಂದ ಬರ್ತಾನೇ ಕೂಗಿದ್ರಿ. ನಿಮ್ಮ ದನಿ ನನಗೆ ಗೊತ್ತಾಗಲ್ವಾ?"

"ಅದು ನನ್ನ ದನಿ ಅಲ್ಲ ಕಣೋ, ನಿನ್ನಪ್ಪನ ದನಿ!"

"ಹಾಗಾದ್ರೆ ಒಂದ್ಸಲ ಹೇಳಿ ನೋಡೋಣ."

ಹೇಳಬಾರದಿತ್ತು. ಬೇಕೆಂದೇ ತಪ್ಪಾಗಿ ಹೇಳಬಹುದಿತ್ತು. ಆದರೆ ಏಳು ವರ್ಷ ಪಳಗಿದ ಗಂಟಲು ಯಜಮಾನನ ಮಾತು ಕೇಳಲಿಲ್ಲ. ಎರಡು ಕೆಮ್ಮು ತಾವಾಗಿಯೇ ಬಂದವು. "ನಿಲ್ಲಪ್ಪಾ... ಜಾಕ್ ಇರೋದು ಎತ್ತೋದಕ್ಕೆ..."

"ಅದೇ!" ಎಂದ ವೆಲ್ಡರ್.

"ಅದೇ ದನಿ" ಎಂದ ಭಾಮೈದ. "ನೀವಾದ್ರೂ ತಮಾಷೆಗೆ ಹೇಳಿದ್ರಿ ಭಾವ. ಅಪ್ಪ ನಿಜಕ್ಕೂ ಹೇಳ್ಲಿಲ್ಲವಲ್ಲ, ಅದೇ ಸಂಕಟ."

ಒಳಕೋಣೆಯ ಮಂಚ ಕಿರುಗುಟ್ಟಿತು. ಮಾವ ಬಾಗಿಲಿಗೆ ಬಂದರು. ಎಷ್ಟು ಕೇಳಿಸಿಕೊಂಡಿದ್ದರೋ ಗೊತ್ತಿಲ್ಲ, ಕೊನೆಯದನ್ನಂತೂ ಕೇಳಿಸಿಕೊಂಡಿದ್ದರು. ಸೊಂಟದ ಬೀಗದ ಕೈಗೊಂಚಲನ್ನು ತೆಗೆದು ಅಳಿಯನ ಅಂಗೈಯಲ್ಲಿಟ್ಟರು.

"ಮಾವ, ದಯವಿಟ್ಟು ಬೇಡ. ನಾನು ಹೇಳಿದ್ದೆಲ್ಲ ನಿಜ. ಬಟ್ಟೆ ನೀವು ಕಟ್ಟಿದ್ರಿ."

"ಇರಬಹುದು. ಇಲ್ಲದೇನೂ ಇರಬಹುದು. ನನಗೇ ಗೊತ್ತಾಗದಿದ್ದ ಮೇಲೆ ನಾನು ಅಲ್ಲಿರಬಾರದು." ಆಮೇಲೆ ಸ್ವಲ್ಪ ನಕ್ಕರು. "ನನ್ನ ದನಿ ಹೇಗೂ ನಿಮ್ಮ ಹತ್ರ ಇದೆಯಲ್ಲ. ಗ್ಯಾರೇಜಿಗೆ ಅಷ್ಟು ಸಾಕು."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಇಲಿ ತಾನೇ ಬಂದು ಮನೆಯ ಬೀಗದ ಕೈ ಕೊಟ್ಟು ಹೋದರೆ ಬೆಕ್ಕು ಏನು ಮಾಡಬೇಕೆಂದು ಗಾದೆ ಹೇಳುವುದಿಲ್ಲ.

ಮರುದಿನ ಅಳಿಯ ಮೊದಲ ಸಲ ಕೈಗೆ ಗ್ರೀಸ್ ಅಂಟಿಸಿಕೊಂಡ. ಹಸಿರು ಜಾಕನ್ನು ಮೇಜಿನ ಮೇಲಿಟ್ಟು, ಹಳೆಯ ಎಣ್ಣೆಯನ್ನು ಬಟ್ಟಲಿಗೆ ಬಸಿದ. ಒಂದೊಂದೇ ಭಾಗ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದ. ರಾಡಿನ ಮೇಲೆ ಗೀರು ಇದೆಯೇ ಎಂದು ಉಗುರು ಎಳೆದು ನೋಡಿದ. ಹೊಸ ಸೀಲುಗಳನ್ನು ಎಣ್ಣೆಯಲ್ಲಿ ಅದ್ದಿ, ಮಡಚದಂತೆ ಕೂರಿಸಿದ. ರಾಡು ಪೂರ್ತಿ ಇಳಿದಿರುವಾಗ ತೂತಿನ ಅಂಚಿನವರೆಗೆ ಜಾಕಿನ ಎಣ್ಣೆ ತುಂಬಿದ. ವಾಲ್ವು ಸಡಿಲಿಸಿ ಹತ್ತಾರು ಸಲ ಬರಿದೇ ಪಂಪು ಮಾಡಿ ಒಳಗಿನ ಗಾಳಿ ಬಿಡಿಸಿದ. ಪ್ರತಿ ಹೆಜ್ಜೆಗೂ ತಲೆಯೊಳಗೆ ಒಂದು ದನಿ ಮುಂದೆ ಮುಂದೆ ಹೇಳಿಕೊಡುತ್ತಿತ್ತು. ಏಳು ವರ್ಷ ನಗಿಸಲೆಂದು ಬಾಯಿಪಾಠ ಮಾಡಿದ್ದು, ಒಂದಕ್ಷರ ಬಿಟ್ಟುಹೋಗಿರಲಿಲ್ಲ. ಹೇಗೋ ಮಾತು ತಲೆಯಲ್ಲಿ ಉಳಿದಿತ್ತು.

ಖಾಲಿ ಗಾಡಿಯ ಅಡಿ ಕೊಟ್ಟು, ಸೀಮೆಸುಣ್ಣದ ಗೆರೆ ಎಳೆದು, ಗಡಿಯಾರ ನೋಡುತ್ತ ಕುಳಿತ. ಒಂದು ಗಂಟೆಯಾದರೂ ಗೆರೆ ಕೂದಲೆಳೆಯಷ್ಟೂ ಕದಲಲಿಲ್ಲ. ಅಟ್ಟ ಮೇಲೆ ಒಲೆ ಚೆನ್ನಾಗಿ ಉರಿಯಿತು.

ಮಧ್ಯಾಹ್ನ ಒಂದು ಟ್ರಾಲಿಯ ಚಾಸಿಗೆ ಬೆಸುಗೆ ಹಾಕಬೇಕಿತ್ತು. ಅದೇ ಜಾಕಿನಿಂದ ಎತ್ತಿ, ವೆಲ್ಡರ್ ಅಡಿಗೆ ಸೊಂಟದವರೆಗೆ ಜಾರಿದ. ಸ್ಟ್ಯಾಂಡುಗಳು ಗೋಡೆಯ ಬಳಿ ಸಾಲಾಗಿ ನಿಂತಿದ್ದವು.

ಅಳಿಯ ಮೇಜಿನಿಂದ ಎದ್ದು ಕೂಗಿದ. "ನಿಲ್ಲಪ್ಪಾ..." ಬಂದದ್ದು ಮಾವನ ದನಿಯೇ. ಆ ಮಾತಿಗೆ ಅವನಲ್ಲಿ ಬೇರೆ ದನಿಯಿರಲಿಲ್ಲ.

ಗಾಡಿಯ ಅಡಿಯಿಂದ ನಗು ಬಂತು. "ಆಹಾ! ಎಷ್ಟು ದಿನ ಆಗಿತ್ತು ಅಳಿಯಂದ್ರೇ!"

ಗಂಟಲು ಸರಿಮಾಡಿಕೊಂಡು, ಕೆಮ್ಮನ್ನು ನುಂಗಿ, ರಾಗವನ್ನು ನುಂಗಿ, ತನ್ನದೇ ದನಿಯಲ್ಲಿ ಹೇಳಿದ: "ಈಚೆ ಬಾ. ಸ್ಟ್ಯಾಂಡ್ ಕೊಟ್ಟಿಲ್ಲ. ಈಚೆ ಬಾ." ದನಿ ತೆಳ್ಳಗಿತ್ತು, ನಡುಗುತ್ತಿತ್ತು. ಅವನಿಗೇ ಅದರ ಪರಿಚಯ ಕಡಿಮೆ.

ಅಡಿಯಲ್ಲಿ ನಗು ನಿಂತಿತು. ಆಮೇಲೆ ವೆಲ್ಡರ್ ಕೇಳಿದ:

"ಇದು ಯಾರ ದನಿ? ಗೊತ್ತಾಗ್ಲಿಲ್ಲ."

ಅಳಿಯ ಓಡಿಹೋಗಿ ಮಂಡಿಯೂರಿ ಕುಳಿತು, ಎರಡೂ ಕೈಯಿಂದ ಅವನ ಕಣಕಾಲುಗಳನ್ನು ಹಿಡಿದು ಎಳೆದ. ವೆಲ್ಡರ್ ಬೆನ್ನು ನೆಲಕ್ಕೆ ಉಜ್ಜುತ್ತ, ಕೈಯಲ್ಲಿ ಮುಖವಾಡ ಹಿಡಿದು, ಇನ್ನೇನೋ ಹೊಸ ಆಟವಿರಬೇಕೆಂದು ನಗುತ್ತಲೇ ಈಚೆ ಬಂದ.